ತಂಡ ಗೆದ್ದದ್ದು ಯಾವ ನೆಲದಲ್ಲಿ, ಯಾವ ಬೆಲೆಯಲ್ಲಿ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ತೋಟದ ಸಾಲ ತೀರಿ ಕೈಯಲ್ಲಿ ಸುಮಾರು ಇಪ್ಪತ್ತು ಲಕ್ಷ ರೂಪಾಯಿ ಉಳಿದಿದೆ. ಹ್ಯೂಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗ ಸಣ್ಣ ತೈಲ ಕಂಪನಿಗಳ ಷೇರು ಕೊಳ್ಳುವಂತೆ ಒತ್ತಾಯಿಸುತ್ತಿದ್ದಾನೆ. “ತೈಲ ಎಲ್ಲಿದೆ ಎಂಬುದು ನಮಗೆ ತಿಳಿಯುವುದಿಲ್ಲ ಮಾವ, ಆದರೆ ಈಗಾಗಲೇ ಒಂದೆರಡು ಕಂಪನಿ ಕಟ್ಟಿ ಒಳ್ಳೆಯ ಬೆಲೆಗೆ ಮಾರಿರುವ ತಂಡ ಯಾವುದು ಎಂಬುದು ತಿಳಿಯುತ್ತದೆ, ಅವರ ಹಿಂದೆ ಹೋದರೆ ಸಾಕು” ಎಂಬುದು ಅವನ ವಾದ. ನಮ್ಮ ದೇಶದಲ್ಲೂ ಅಂಥ ಕಂಪನಿಗಳಿವೆಯಂತೆ. ಹಾಸನದ ತೈಲ ಟರ್ಮಿನಲ್ ಮುಂದಿನ ಟ್ಯಾಂಕರ್ ಸಾಲನ್ನು ನೋಡಿದರೆ ಬೇಡಿಕೆಗಂತೂ ಕೊರತೆಯಿಲ್ಲ ಎನಿಸುತ್ತದೆ. ಈ ದಾರಿ ಸರಿಯೇ? ಎಷ್ಟು ಹಾಕಬಹುದು? ಅವನ ಖಾತೆಯ ಮೂಲಕವೇ ಕೊಂಡರೆ ಆದೀತೇ?

ಉತ್ತರ: ನಿಮ್ಮ ಅಕ್ಕನ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಮುಖ್ಯವಾದದ್ದೇ. ನೂರಾರು ಬಾವಿಗಳಿರುವ ದೊಡ್ಡ ತೈಲ ಕಂಪನಿಯಲ್ಲಿ ಮುಖ್ಯಸ್ಥರು ಬದಲಾದರೂ ತೈಲ ಹರಿಯುತ್ತಲೇ ಇರುತ್ತದೆ. ಒಂದು ಬಾವಿಯಲ್ಲಿ ಏನೂ ಸಿಗದಿದ್ದರೆ ಲೆಕ್ಕಪತ್ರದಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಎರಡು ಮೂರು ಕ್ಷೇತ್ರಗಳನ್ನೇ ನೆಚ್ಚಿಕೊಂಡಿರುವ ಸಣ್ಣ ಕಂಪನಿಯಲ್ಲಿ ಹಾಗಲ್ಲ. ಎಲ್ಲಿ ಕೊರೆಯಬೇಕು, ಯಾರ ದುಡ್ಡಿನಲ್ಲಿ ಕೊರೆಯಬೇಕು, ಯಾವಾಗ ಕೈಬಿಡಬೇಕು ಎಂಬ ಕೆಲವೇ ತೀರ್ಮಾನಗಳ ಮೇಲೆ ಕಂಪನಿಯ ಅಳಿವು ಉಳಿವು ನಿಂತಿರುತ್ತದೆ, ಆ ತೀರ್ಮಾನಗಳನ್ನು ಮಾಡುವವರೂ ಐದಾರು ಮಂದಿ ಮಾತ್ರ. ಆದ್ದರಿಂದ ಜನರನ್ನು ನೋಡಬೇಕೆಂಬ ಸಲಹೆ ಸರಿ. ನನ್ನ ತಕರಾರಿರುವುದು ‘ಗೆದ್ದು ತೋರಿಸಿದ ತಂಡ’ ಎಂಬ ಬಿರುದಿನ ಬಗ್ಗೆ. ಯಾವ ಬಗೆಯ ಶಿಲಾಪದರದಲ್ಲಿ, ತೈಲಕ್ಕೆ ಎಷ್ಟು ಬೆಲೆಯಿದ್ದಾಗ, ಯಾರ ಹಣದಲ್ಲಿ ಗೆದ್ದದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಆ ಬಿರುದನ್ನು ನಂಬಿ ಹಣ ಹಾಕಬೇಡಿ.

ಹಾಸನದ ಟ್ಯಾಂಕರ್ ಸಾಲನ್ನು ಮೊದಲೇ ಬದಿಗಿಡೋಣ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, 2003ರಲ್ಲಿ ಆರಂಭವಾದ, ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗದಲ್ಲಿ ಆ ಟರ್ಮಿನಲ್‌ಗೆ ಹರಿದು ಬರುವುದು ಸಂಸ್ಕರಿಸಿದ ಇಂಧನವೇ ಹೊರತು ಕಚ್ಚಾ ತೈಲವಲ್ಲ. ಅದರ ಲಾಭ ಸಂಸ್ಕರಣಾಗಾರಕ್ಕೂ ಮಾರಾಟ ಕಂಪನಿಗೂ ಸೇರಿದ್ದು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚಿನ ಭಾಗವನ್ನು ಹೊರಗಿನಿಂದ ತರಿಸುತ್ತದೆ, ಆದ್ದರಿಂದ ಬೇಡಿಕೆಯೇನೋ ಇದೆ. ಆದರೆ ಬೆಲೆ ನಿಗದಿಯಾಗುವುದು ವಿಶ್ವ ಮಾರುಕಟ್ಟೆಯಲ್ಲಿ. ಒಂದು ಬ್ಯಾರಲ್ ತೆಗೆಯಲು ಎಲ್ಲ ಖರ್ಚೂ ಸೇರಿ 50 ಡಾಲರ್ ತಗಲುವ ಕಂಪನಿಗೆ, ಬೆಲೆ 45 ಡಾಲರಿಗೆ ಇಳಿದ ದಿನ, ಸಾಲು ಎಷ್ಟು ಉದ್ದವಿದ್ದರೂ ನಷ್ಟವೇ.

ಈಗ ತಂಡದ ವಿಷಯ. ನಮಗೆ ಹತ್ತಿರದ ಉದಾಹರಣೆ ಸ್ಕಾಟ್‌ಲೆಂಡಿನ ಕೇರ್ನ್ ಎನರ್ಜಿ. ಬಿಲ್ ಗ್ಯಾಮೆಲ್ ಅವರ ನೇತೃತ್ವದ ಈ ಕಂಪನಿ, ಶೆಲ್‌ನಂಥ ದೈತ್ಯ ಸಂಸ್ಥೆ ಆಸಕ್ತಿ ಕಳೆದುಕೊಂಡು ಬಿಟ್ಟುಹೋದ ರಾಜಸ್ಥಾನದ ಬಾಡಮೇರ್ ಪ್ರದೇಶವನ್ನು ಹಿಡಿದುಕೊಂಡು ಕುಳಿತು 2004ರ ಜನವರಿಯಲ್ಲಿ ಮಂಗಲಾ ಕ್ಷೇತ್ರವನ್ನು ಪತ್ತೆ ಮಾಡಿತು. ಅದರ ಭಾರತೀಯ ಅಂಗಸಂಸ್ಥೆ ಕೇರ್ನ್ ಇಂಡಿಯಾ 2007ರ ಜನವರಿಯಲ್ಲಿ ನಮ್ಮ ಷೇರುಪೇಟೆಗೆ ಬಂತು, 2009ರ ಆಗಸ್ಟ್‌ನಲ್ಲಿ ಮಂಗಲಾದಿಂದ ತೈಲ ಬರತೊಡಗಿತು, 2011ರಲ್ಲಿ ಕಂಪನಿಯ ಹಿಡಿತ ವೇದಾಂತ ಸಮೂಹದ ಕೈಗೆ ಹೋಯಿತು. ಗೆದ್ದ ತಂಡ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಅದೇ ಕಂಪನಿ 2010 ಮತ್ತು 2011ರಲ್ಲಿ ಗ್ರೀನ್‌ಲೆಂಡ್ ಕಡಲಿನಲ್ಲಿ ಎಂಟು ಬಾವಿ ಕೊರೆದು, ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ, ಮಾರಾಟಕ್ಕೆ ಯೋಗ್ಯವಾದ ತೈಲವನ್ನು ಕಾಣದೆ ಹಿಂದಿರುಗಿತು. ಮತ್ತೆ 2014ರಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಲ್ ಕಡಲಿನಲ್ಲಿ ದೊಡ್ಡ ನಿಕ್ಷೇಪವನ್ನೇ ಕಂಡುಹಿಡಿಯಿತು.

ತೈಲ ಶೋಧದಲ್ಲಿ ಮೂರು ದೊಡ್ಡ ಪ್ರಯತ್ನಗಳಲ್ಲಿ ಎರಡು ಫಲಿಸುವುದೆಂದರೆ ಅಪರೂಪದ ದಾಖಲೆ. ಆದರೆ ಬಾಡಮೇರ್‌ನ ಹೆಸರು ಕೇಳಿ 2010ರಲ್ಲಿ ಷೇರು ಕೊಂಡವನ ಪಾಲಿಗೆ ಬಂದದ್ದು ಗ್ರೀನ್‌ಲೆಂಡ್. ನೆಲದ ಮೇಲೆ, ಹೋಲಿಕೆಯಲ್ಲಿ ಕಡಿಮೆ ಖರ್ಚಿನಲ್ಲಿ ಒಂದರ ಹಿಂದೊಂದು ಬಾವಿ ಕೊರೆಯುತ್ತ, ಹಿಂದಿನ ಬಾವಿ ಕಲಿಸಿದ್ದನ್ನು ಮುಂದಿನದಕ್ಕೆ ಬಳಸುತ್ತ ಹೋಗುವ ತಾಳ್ಮೆ ರಾಜಸ್ಥಾನದಲ್ಲಿ ಗೆದ್ದಿತ್ತು. ಹಿಮಗಡ್ಡೆ ತೇಲುವ ಕಡಲಿನಲ್ಲಿ, ವರ್ಷದ ಕೆಲವೇ ತಿಂಗಳು ಕೆಲಸ ಸಾಧ್ಯವಿರುವಲ್ಲಿ, ಒಂದೊಂದು ಬಾವಿಗೂ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ಸುರಿಯಬೇಕಾದಾಗ ಆ ತಾಳ್ಮೆಗೆ ಅವಕಾಶವೇ ಇರಲಿಲ್ಲ. ಇನ್ನೊಂದು ಅಂಶವನ್ನು ಗಮನಿಸಿ: ಇಷ್ಟು ದೊಡ್ಡ ಸೋಲಿನ ನಂತರವೂ ಕಂಪನಿ ಉಳಿದದ್ದು ಭಾರತದ ಪಾಲನ್ನು ಮಾರಿದ ಹಣ ಕೈಯಲ್ಲಿ ಇದ್ದುದರಿಂದ. ಸಾಲ ಮಾಡಿ ಗ್ರೀನ್‌ಲೆಂಡಿಗೆ ಹೋಗಿದ್ದರೆ ಸೆನೆಗಲ್‌ನ ಅಧ್ಯಾಯವೇ ಇರುತ್ತಿರಲಿಲ್ಲ.

ಅಮೆರಿಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯೊಂದು ನಡೆದುಹೋಗಿದೆ. ರಿವರ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಯ ಬೆಂಬಲದಿಂದ ‘ಸಿಲ್ವರ್ ರನ್’ ಹೆಸರಿನ ಎರಡು ಖಾಲಿ ಕಂಪನಿಗಳು 2016 ಮತ್ತು 2017ರಲ್ಲಿ ಷೇರುಪೇಟೆಗೆ ಬಂದವು. ಖಾಲಿ ಎಂದರೆ ನಿಜವಾಗಿಯೂ ಖಾಲಿ. ಬಾವಿಯಿಲ್ಲ, ಜಮೀನಿಲ್ಲ, ಇದ್ದದ್ದು ಮುಖ್ಯಸ್ಥರ ಹೆಸರು ಮಾತ್ರ. ಮೊದಲನೆಯದಕ್ಕೆ ಇಒಜಿ ರಿಸೋರ್ಸಸ್ ಅನ್ನು ಬೆಳೆಸಿದ ಮಾರ್ಕ್ ಪಾಪಾ, ಎರಡನೆಯದಕ್ಕೆ ಆನಾಡಾರ್ಕೊ ಕಂಪನಿಯನ್ನು ನಡೆಸಿದ್ದ ಜೇಮ್ಸ್ ಹ್ಯಾಕೆಟ್. ಇಬ್ಬರೂ ಆ ಉದ್ಯಮದ ಮೊದಲ ಸಾಲಿನವರು. ಹ್ಯಾಕೆಟ್ ಅವರ ಹೆಸರಿನ ಮೇಲೆ ಜನ ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು. ಆ ಹಣದಲ್ಲಿ ಓಕ್ಲಹೋಮಾ ರಾಜ್ಯದ ಆಲ್ಟಾ ಮೇಸಾ ಎಂಬ ಕಂಪನಿಯನ್ನು 2018ರ ಫೆಬ್ರವರಿಯಲ್ಲಿ ಸೇರಿಸಿಕೊಂಡರು. ಬಾವಿಗಳು ನಿರೀಕ್ಷೆಯಷ್ಟು ಕೊಡಲಿಲ್ಲ; 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಪಾ ಅವರು ಟೆಕ್ಸಾಸ್‌ನ ಪರ್ಮಿಯನ್ ಪ್ರದೇಶದ ಸೆಂಟೆನಿಯಲ್ ಎಂಬ ಕಂಪನಿಯನ್ನು ಕೊಂಡರು. ತಲಾ 10 ಡಾಲರಿಗೆ ಮಾರಿದ್ದ ಆ ಷೇರು 2020ರಲ್ಲಿ 1 ಡಾಲರಿಗಿಂತ ಕೆಳಗೆ ಬಿತ್ತು, ಅದೇ ವರ್ಷ ಪಾಪಾ ನಿವೃತ್ತರಾದರು. ಆದರೆ ಕಂಪನಿ ಉಳಿಯಿತು, 2022ರಲ್ಲಿ ಇನ್ನೊಂದು ಕಂಪನಿಯೊಡನೆ ಸೇರಿ ಪರ್ಮಿಯನ್ ರಿಸೋರ್ಸಸ್ ಆಗಿ ಚೇತರಿಸಿಕೊಂಡಿತು. ಎರಡು ಹೆಸರುಗಳಲ್ಲಿ ಯಾವುದು ದೊಡ್ಡದು ಎಂಬುದರಿಂದ ಈ ವ್ಯತ್ಯಾಸ ಬರಲಿಲ್ಲ. ಒಂದರ ಕೆಳಗೆ ಪರ್ಮಿಯನ್‌ನ ತೈಲಸಮೃದ್ಧ ಶಿಲಾಪದರವಿತ್ತು, ಇನ್ನೊಂದರ ಕೆಳಗೆ ಇರಲಿಲ್ಲ. ಗಿರಿಯ ಇಳಿಜಾರಿನಲ್ಲಿ ಅರೇಬಿಕಾ ಬೆಳೆದು ಹೆಸರು ಮಾಡಿದ ಪ್ಲಾಂಟರ್ ಒಬ್ಬರಿಗೆ ಬಯಲುಸೀಮೆಯ ಜಮೀನು ಕೊಟ್ಟು ಅದೇ ಇಳುವರಿ ಕೇಳುವವರು ನಿಮ್ಮಲ್ಲಿ ಯಾರೂ ಇರಲಾರರು. ಷೇರುಪೇಟೆಯಲ್ಲಿ ಮಾತ್ರ ದಿನವೂ ಕೇಳುತ್ತಾರೆ.

ಒಬ್ಬ ಮುಖ್ಯಸ್ಥನನ್ನು ತಂಡ ಎಂದು ತಿಳಿಯುವುದೂ ಇದೇ ಬಗೆಯ ತಪ್ಪು. ಹಿಂದಿನ ಕಂಪನಿಯಲ್ಲಿ ನಕ್ಷೆ ಓದಿದ ಭೂವಿಜ್ಞಾನಿ, ಬಾವಿಯಿಂದ ಎಷ್ಟು ಬಂದೀತೆಂದು ಲೆಕ್ಕ ಹಾಕಿದ ರಿಸರ್ವಾಯರ್ ಎಂಜಿನಿಯರ್, ಕೊರೆಯುವ ಕೆಲಸದ ಮೇಲ್ವಿಚಾರಕ, ಹಣಕಾಸು ನೋಡಿಕೊಂಡವರು, ಇವರಲ್ಲಿ ಎಷ್ಟು ಮಂದಿ ಹೊಸ ಕಂಪನಿಗೂ ಬಂದಿದ್ದಾರೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಹುಡುಕಬಹುದು. ದೊಡ್ಡ ಕಂಪನಿಯಲ್ಲಿ ಸಾವಿರಾರು ಮಂದಿಯ ಬೆನ್ನು ಬಲದಿಂದ ಯಶಸ್ವಿಯಾದವರು ಮೂವತ್ತು ಮಂದಿಯ ಕಂಪನಿಯಲ್ಲಿ ಅದನ್ನೇ ಮಾಡುತ್ತಾರೆಂಬ ಖಾತರಿಯಿಲ್ಲ. ಬಿಪಿ ಕಂಪನಿಯ ಅಂಗೋಲಾ ವ್ಯವಹಾರ ನಡೆಸಿದ್ದ ಜೋಸೆಫ್ ಬ್ರಯಂಟ್ 2005ರಲ್ಲಿ ಕಟ್ಟಿದ ಕೋಬಾಲ್ಟ್ ಇಂಟರ್‌ನ್ಯಾಷನಲ್ ಎನರ್ಜಿಗೆ ಗೋಲ್ಡ್‌ಮನ್ ಸ್ಯಾಕ್ಸ್‌ನಂಥವರ ಬೆಂಬಲವಿತ್ತು, ಕಡಲಾಳದಲ್ಲಿ ತೈಲವೂ ಸಿಕ್ಕಿತ್ತು. ಆದರೂ ತೈಲವನ್ನು ಹಣವಾಗಿಸುವ ಮೊದಲೇ ಸಾಲ ಮತ್ತು ಬೆಲೆ ಕುಸಿತ ಎರಡೂ ಸೇರಿ 2017ರ ಡಿಸೆಂಬರ್‌ನಲ್ಲಿ ಅದು ದಿವಾಳಿಯಾಯಿತು.

‘ಕಟ್ಟಿ ಮಾರಿದವರು’ ಎಂಬ ಹೊಗಳಿಕೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕೊಂಡವರಿಗೆ ಆಮೇಲೆ ಏನಾಯಿತು? ಎಕ್ಸ್‌ಟಿಒ ಎಂಬ ಅನಿಲ ಕಂಪನಿಯನ್ನು ಎಕ್ಸಾನ್‌ಮೊಬಿಲ್ 2009ರ ಡಿಸೆಂಬರ್‌ನಲ್ಲಿ, ಸಾಲವೂ ಸೇರಿ ಸುಮಾರು 4,100 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಅನಂತರದ ವರ್ಷಗಳಲ್ಲಿ ಅಮೆರಿಕದಲ್ಲಿ ಅನಿಲದ ಬೆಲೆ ನೆಲ ಕಚ್ಚಿತು, 2020ರಲ್ಲಿ ಎಕ್ಸಾನ್ ತನ್ನ ಅನಿಲ ಆಸ್ತಿಗಳ ಮೌಲ್ಯದಲ್ಲಿ ಭಾರೀ ಮೊತ್ತವನ್ನು ಕಡಿತ ಮಾಡಿತು. ಮಾರಿದವರು ಜಾಣರೇ, ಅದರಲ್ಲಿ ಸಂಶಯವಿಲ್ಲ. ಆದರೆ ಅವರು ತೋರಿಸಿದ ಜಾಣತನದಲ್ಲಿ ಮಾರುವ ಸಮಯದ ಪಾಲೂ ದೊಡ್ಡದಿತ್ತು, ಅಂಥ ಸಮಯ ಮತ್ತೆ ಬರಬೇಕಾದರೆ ದುಬಾರಿ ಬೆಲೆಗೆ ಕೊಳ್ಳುವವರು ಮತ್ತೆ ಹುಟ್ಟಬೇಕು.

ಬೆಲೆಯ ವಿಚಾರದಲ್ಲಿ ಯಾವ ತಂಡವೂ ಏನೂ ಮಾಡಲಾರದು. ಬ್ಯಾರಲ್‌ಗೆ 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ ಬೆಲೆ ಅದೇ ವರ್ಷದ ಕೊನೆಗೆ 40ಕ್ಕಿಂತ ಕೆಳಗಿತ್ತು. 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಹೋಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದೆ ಬೆಲೆ (ಮುಂದೆ ಕೊಡುವ ತೈಲಕ್ಕೆ ಇಂದೇ ಒಪ್ಪುವ ಬೆಲೆ) ಶೂನ್ಯಕ್ಕಿಂತಲೂ ಕೆಳಗೆ, ಋಣ 37 ಡಾಲರಿಗೆ ಇಳಿಯಿತು. ಇಂಥ ದಿನಗಳಲ್ಲಿ ಸಣ್ಣ ಕಂಪನಿಯನ್ನು ಮುಗಿಸುವುದು ಸಾಲ. ಅಲ್ಲಿನ ಬ್ಯಾಂಕುಗಳು ಭೂಮಿಯೊಳಗಿನ ನಿಕ್ಷೇಪವನ್ನೇ ಆಧಾರವಾಗಿಟ್ಟುಕೊಂಡು ಸಾಲ ಕೊಟ್ಟು, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಅದರ ಮೌಲ್ಯವನ್ನು ಮತ್ತೆ ಲೆಕ್ಕ ಹಾಕುತ್ತವೆ. ಬೆಲೆ ಇಳಿದಾಗ ಮೌಲ್ಯವೂ ಇಳಿಯುತ್ತದೆ, ಸಾಲದ ಮಿತಿಯೂ ಇಳಿಯುತ್ತದೆ, ಹೀಗೆ ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲೇ ಹಣ ಹಿಂದಿರುಗಿಸಬೇಕಾಗುತ್ತದೆ. ನನ್ನ ಅನುಭವದಲ್ಲಿ ತಂಡವೊಂದರ ನಿಜವಾದ ಗುಣ ತಿಳಿಯುವುದು 2014ರಿಂದ 2016ರವರೆಗಿನ ಮತ್ತು 2020ರ ವರದಿಗಳಲ್ಲಿ. ಬೆಲೆ ಚೆನ್ನಾಗಿದ್ದಾಗ ಸಾಲ ತೀರಿಸಿದ್ದರೇ, ಮುಂದಿನ ಉತ್ಪಾದನೆಯ ಒಂದು ಭಾಗವನ್ನು ಮುಂಗಡವಾಗಿ ನಿಗದಿತ ಬೆಲೆಗೆ ಮಾರಿ ಭದ್ರ ಮಾಡಿಕೊಂಡಿದ್ದರೇ, ಕಷ್ಟ ಬಂದಾಗ ಹೊಸ ಷೇರುಗಳನ್ನು ಸಿಕ್ಕ ಬೆಲೆಗೆ ಮಾರಿಕೊಂಡರೇ? ಅಕ್ಕನ ಮಗ ಹೇಳುವ ಪ್ರತಿಯೊಂದು ಹೆಸರಿಗೂ ಈ ಮೂರು ಪ್ರಶ್ನೆ ಹಾಕಿ.

ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ಹೆಚ್ಚು ಜನರನ್ನು ಮೋಸಗೊಳಿಸುತ್ತದೆ. ಕಂಪನಿಯೊಂದರ ದಿನದ ಉತ್ಪಾದನೆ ಐದು ವರ್ಷಗಳಲ್ಲಿ 2,000 ಬ್ಯಾರಲ್‌ನಿಂದ 6,000ಕ್ಕೆ ಏರಿತು ಎಂದುಕೊಳ್ಳಿ. ಮೂರು ಪಟ್ಟು ಬೆಳವಣಿಗೆ ಎಂದು ಚಿತ್ರ ಬರೆದು ತೋರಿಸುತ್ತಾರೆ. ಆದರೆ ಅದೇ ಅವಧಿಯಲ್ಲಿ ಷೇರುಗಳ ಸಂಖ್ಯೆ 10 ಕೋಟಿಯಿಂದ 40 ಕೋಟಿಗೆ ಏರಿದ್ದರೆ, ಮೊದಲು ಒಂದು ಕೋಟಿ ಷೇರಿಗೆ 200 ಬ್ಯಾರಲ್ ಇದ್ದದ್ದು ಈಗ 150 ಆಗಿದೆ. ಕಂಪನಿ ಬೆಳೆದಿದೆ, ನಿಮ್ಮ ಪಾಲು ಕಾಲು ಭಾಗದಷ್ಟು ಸವೆದಿದೆ. ತಂಡದವರು ಸಂಬಳ ಮತ್ತು ಉಚಿತ ಷೇರುಗಳ ಮೇಲೆ ಬದುಕುವವರಾದರೆ ಅವರಿಗೆ ಈ ಸವೆತ ತಾಗುವುದಿಲ್ಲ. ತಮ್ಮ ಸ್ವಂತ ಹಣದಲ್ಲಿ, ಪೇಟೆಯ ಬೆಲೆಗೆ ಷೇರು ಕೊಂಡವರಾದರೆ ತಾಗುತ್ತದೆ. ಸ್ವೀಡನ್ನಿನ ಲುಂಡಿನ್ ಕುಟುಂಬದ ಹೆಸರಿಗೆ ಹೂಡಿಕೆದಾರರಲ್ಲಿ ಬೆಲೆಯಿದ್ದುದಕ್ಕೆ ಇದು ಒಂದು ಕಾರಣ. ತಮ್ಮ ತೈಲ ಕಂಪನಿಯನ್ನು 2001ರಲ್ಲಿ ಕೆನಡಾದ ಟಾಲಿಸ್‌ಮನ್‌ಗೆ ಮಾರಿದ ಅವರು ಮತ್ತೆ ಲುಂಡಿನ್ ಪೆಟ್ರೋಲಿಯಂ ಕಟ್ಟಿ, ಅದರಲ್ಲಿ ದೊಡ್ಡ ಪಾಲನ್ನು ತಾವೇ ಇಟ್ಟುಕೊಂಡರು. ನಾರ್ವೆಯ ಯೋಹಾನ್ ಸ್ವೆರ್‌ಡ್ರುಪ್ ಎಂಬ ಬೃಹತ್ ಕ್ಷೇತ್ರವನ್ನು 2010ರಲ್ಲಿ ಪತ್ತೆ ಮಾಡಿದ್ದು ಆ ಕಂಪನಿ. ಅಲ್ಲಿಂದ ತೈಲ ಬಂದದ್ದು ಮಾತ್ರ 2019ರಲ್ಲಿ. ಒಂಬತ್ತು ವರ್ಷ ಕಾಯುವ ಶಕ್ತಿಯಿದ್ದವರಿಗೆ ಆ ಫಲ.

ತೈಲ ಸಿಕ್ಕಿತು ಎಂಬ ಸುದ್ದಿಯೊಂದಕ್ಕೇ ಮರುಳಾಗಬಾರದು. ಘಾನಾದ ಜುಬಿಲಿ ಕ್ಷೇತ್ರದಿಂದ ಹೆಸರಾದ ಟಲ್ಲೋ ಆಯಿಲ್ 2019ರಲ್ಲಿ ಗಯಾನಾ ಕಡಲಿನಲ್ಲಿ ತೈಲ ಕಂಡಿತೆಂದು ಸಾರಿದಾಗ ಷೇರು ಜಿಗಿಯಿತು. ಕೆಲವೇ ತಿಂಗಳಲ್ಲಿ ಅದು ಗಂಧಕ ಹೆಚ್ಚಿರುವ, ಕಡಿಮೆ ಬೆಲೆ ಸಿಗುವ ಭಾರವಾದ ತೈಲವೆಂದು ತಿಳಿಯಿತು. ಡಿಸೆಂಬರ್‌ನಲ್ಲಿ ಘಾನಾದ ಉತ್ಪಾದನೆಯ ಅಂದಾಜನ್ನೂ ಇಳಿಸಿ, ಲಾಭಾಂಶ ನಿಲ್ಲಿಸಿ, ಮುಖ್ಯಸ್ಥರು ರಾಜೀನಾಮೆ ಕೊಟ್ಟ ದಿನ ಷೇರು ಒಂದೇ ದಿನದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಕುಸಿಯಿತು.

ನಿಕ್ಷೇಪದ ಅಂಕಿಗಳಲ್ಲಿಯೂ ಮೆಟ್ಟಿಲುಗಳಿವೆ. ‘1ಪಿ’ ಎಂದರೆ ಅಷ್ಟು ತೈಲ ಬರುವ ಸಂಭವ ಕನಿಷ್ಠ ಶೇಕಡಾ 90 ಎಂದರ್ಥ. ‘2ಪಿ’ ಎಂದರೆ ಶೇಕಡಾ 50. ‘3ಪಿ’ ಎಂದರೆ ಶೇಕಡಾ 10. ಪತ್ತೆಯಾಗಿದ್ದರೂ ತೆಗೆಯುವ ಯೋಜನೆ ಇನ್ನೂ ಖಚಿತವಾಗದದ್ದು ಕಂಟಿಂಜೆಂಟ್, ಬಾವಿಯನ್ನೇ ಕೊರೆಯದೆ ಊಹಿಸಿದ್ದು ಪ್ರಾಸ್ಪೆಕ್ಟಿವ್. ಕೆಲವು ಕಂಪನಿಗಳು ಕೊನೆಯ ಅಂಕಿಯನ್ನೇ ಅತಿ ದೊಡ್ಡ ಅಕ್ಷರದಲ್ಲಿ ಮುದ್ರಿಸುವುದುಂಟು. ನೀವು 1ಪಿ ಮತ್ತು 2ಪಿ ಬಿಟ್ಟು ಬೇರೆಯದಕ್ಕೆ ಬೆಲೆ ಕಟ್ಟಬೇಡಿ. ಅನಿಲವನ್ನು ತೈಲದೊಡನೆ ಕೂಡಿಸಿ ಹೇಳುವಾಗ 6,000 ಘನ ಅಡಿ ಅನಿಲವನ್ನು ಒಂದು ಬ್ಯಾರಲ್ ಎಂದು ಎಣಿಸುತ್ತಾರೆ. ಶಾಖದ ಲೆಕ್ಕದಲ್ಲಿ ಅದು ಸರಿ, ಹಣದ ಲೆಕ್ಕದಲ್ಲಿ ಸರಿಯಲ್ಲ. ಸಾವಿರ ಘನ ಅಡಿಗೆ 3 ಡಾಲರ್ ಬೆಲೆಯಿದ್ದರೆ ಆ ‘ಬ್ಯಾರಲ್’ ತರುವುದು 18 ಡಾಲರ್ ಮಾತ್ರ. ಇನ್ನು ಅಮೆರಿಕದಲ್ಲಿ ಶೇಲ್ ಎಂಬ ಗಟ್ಟಿ ಪದರಶಿಲೆಯಲ್ಲಿ ಕೊರೆದ ಬಾವಿಗಳ ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಇಳಿಯುವುದು ಸಾಮಾನ್ಯ, ಆದ್ದರಿಂದ ಇದ್ದಲ್ಲೇ ಇರಬೇಕಾದರೂ ಕೊರೆಯುತ್ತಲೇ ಇರಬೇಕು.

ನಮ್ಮ ದೇಶದ ಪಟ್ಟಿ ಚಿಕ್ಕದು. 1983ರಲ್ಲಿ ಹುಟ್ಟಿದ ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿ, ತಮಿಳುನಾಡು ಕಡಲಿನ ಪಿವೈ-1 ಅನಿಲ ಕ್ಷೇತ್ರ ನಿರೀಕ್ಷಿಸಿದಷ್ಟು ಕೊಡದೆ ಸೊರಗಿದ್ದಾಗ, 2015ರಲ್ಲಿ ಕೇರ್ನ್ ಇಂಡಿಯಾದಲ್ಲಿ ಉನ್ನತ ಹುದ್ದೆಯಲ್ಲಿದ್ದ ಪಿ. ಇಳಂಗೋ ಅವರ ಕೈಗೆ ಬಂತು. ಅಸ್ಸಾಮಿನ ಡಿರೋಕ್ ಕ್ಷೇತ್ರದಿಂದ 2017ರಲ್ಲಿ ಅನಿಲ ಹರಿಯತೊಡಗಿತು, ಅನಂತರ ಮುಂಬಯಿ ಕಡಲಿನ ಬಿ-80 ಕ್ಷೇತ್ರಕ್ಕೆ ಕಂಪನಿ ಕೈಹಾಕಿತು. ಗುಜರಾತಿನಲ್ಲಿ ಹಳೆಯ ಕ್ಷೇತ್ರಗಳಿರುವ ಸೆಲಾನ್ ಎಕ್ಸ್‌ಪ್ಲೊರೇಷನ್‌ನ (ಈಗ ಆಂಟೆಲೋಪಸ್ ಸೆಲಾನ್ ಎನರ್ಜಿ) ಆಡಳಿತವೂ ಕೇರ್ನ್ ಹಿನ್ನೆಲೆಯವರ ಆಂಟೆಲೋಪಸ್ ತಂಡಕ್ಕೆ ಸೇರಿದೆ. ಇಲ್ಲಿಯೂ ಮೇಲಿನ ಪ್ರಶ್ನೆಗಳೇ ಅನ್ವಯಿಸುತ್ತವೆ: ನೆಲದ ಮೇಲಿನ ಅನುಭವ ಕಡಲಿಗೆ ಎಷ್ಟು ಉಪಯೋಗ, ಆಯಾ ಕ್ಷೇತ್ರದಲ್ಲಿ ಕಂಪನಿಯ ಪಾಲು ಎಷ್ಟು, ಉಳಿದದ್ದು ಯಾರದು. ಸರ್ಕಾರದ ಪಾಲನ್ನೂ ಮರೆಯಬೇಡಿ. ತೈಲ ಬೆಲೆ ಏರಿದಾಗ, 2022ರ ಜುಲೈನಲ್ಲಿ, ದೇಶದಲ್ಲಿ ತೆಗೆದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿಯ ವಿಶೇಷ ಸುಂಕ ಬಿತ್ತು. ಹಿಂದಿನ ಆರ್ಥಿಕ ವರ್ಷದಲ್ಲಿ 20 ಲಕ್ಷ ಬ್ಯಾರಲ್‌ಗಿಂತ ಕಡಿಮೆ ತೆಗೆದ ಸಣ್ಣವರಿಗೆ ವಿನಾಯಿತಿ ಸಿಕ್ಕಿತು, 2024ರ ಡಿಸೆಂಬರ್‌ನಲ್ಲಿ ಆ ಸುಂಕವೇ ರದ್ದಾಯಿತು. ಸಣ್ಣದಾಗಿರುವುದು ಲಾಭವಾದ ಅಪರೂಪದ ಸಂದರ್ಭ ಅದು. ನಾನು ಈ ಎರಡರಲ್ಲಿ ಯಾವುದನ್ನೂ ಕೊಳ್ಳಿ ಎನ್ನುತ್ತಿಲ್ಲ, ಬಿಡಿ ಎಂದೂ ಹೇಳುತ್ತಿಲ್ಲ. ಅವುಗಳ ಕಳೆದ ಐದು ವಾರ್ಷಿಕ ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡು, ಮೊದಲ ವರ್ಷ ಹೇಳಿದ್ದು ಕೊನೆಯ ವರ್ಷ ಆಗಿದೆಯೇ ಎಂದು ನೋಡಿದರೆ ನನ್ನ ಅಭಿಪ್ರಾಯ ನಿಮಗೆ ಬೇಕಾಗುವುದಿಲ್ಲ.

ಎಷ್ಟು ಹಾಕಬಹುದು ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮ್ಮ ಅಕ್ಕನ ಮಗನಿಗೆ ರುಚಿಸಲಿಕ್ಕಿಲ್ಲ. ತೋಟದ ಒಂದು ವರ್ಷದ ಪೂರ್ತಿ ಖರ್ಚು, ಅಂದರೆ ಆಳುಗಳ ಕೂಲಿ, ಗೊಬ್ಬರ, ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಗಿಡ ಕಿತ್ತು ಮರುನಾಟಿ ಮಾಡುವ ವೆಚ್ಚ, ಇವೆಲ್ಲವನ್ನೂ ಮೊದಲು ಬ್ಯಾಂಕಿನಲ್ಲಿಡಿ. ನಿಮ್ಮ ವರಮಾನ ಈಗಾಗಲೇ ಮಳೆಯನ್ನೂ ವಿಶ್ವ ಮಾರುಕಟ್ಟೆಯ ಬೆಲೆಯನ್ನೂ ಅವಲಂಬಿಸಿದೆ; ಉಳಿತಾಯವನ್ನೂ ಅಂಥದ್ದೇ ಇನ್ನೊಂದು ಬೆಲೆಗೆ ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ. ತೈಲ ಏರಿದಾಗ ಡೀಸೆಲ್ ಮತ್ತು ಗೊಬ್ಬರ ದುಬಾರಿಯಾಗುವುದರಿಂದ ತೈಲ ಷೇರು ಸ್ವಲ್ಪ ಪರಿಹಾರ ಕೊಟ್ಟೀತು ಎಂಬ ವಾದವಿದೆ. ಅದು ಒಪ್ಪುವಂಥದ್ದೇ, ಆದರೆ ಆ ಕೆಲಸಕ್ಕೆ ಸಾಲವಿಲ್ಲದ ದೊಡ್ಡ ಕಂಪನಿ ಸಾಕು. ಸಣ್ಣ ತೈಲ ಕಂಪನಿಗಳಿಗೆ ಇಪ್ಪತ್ತರಲ್ಲಿ ಒಂದರಿಂದ ಎರಡು ಲಕ್ಷ, ಅದೂ ಒಂದೇ ಕಂಪನಿಗಲ್ಲ, ಈಗಾಗಲೇ ಉತ್ಪಾದನೆ ಇರುವ ಎರಡು ಮೂರಕ್ಕೆ ಹಂಚಿ. ಪೂರ್ತಿ ಹೋದರೂ ಮನೆಯ ಯಾವ ಕೆಲಸವೂ ನಿಲ್ಲದಂತಿರಲಿ. ಇಷ್ಟು ಮೊತ್ತಕ್ಕೆ ಅಮೆರಿಕದವರೆಗೆ ಹೋಗುವ ಖರ್ಚು ಮತ್ತು ಕಾಗದಪತ್ರ ದಂಡ ಎಂಬುದು ನನ್ನ ಅಭಿಪ್ರಾಯ.

ಆದರೂ ಹೋಗಬೇಕೆಂದಿದ್ದರೆ ಅವನ ಖಾತೆಯ ಮೂಲಕ ಬೇಡ. ಅವನ ಹೆಸರಿನಲ್ಲಿರುವ ಷೇರು ಕಾನೂನಿನ ಕಣ್ಣಿಗೆ ಅವನದೇ; ನಾಳೆ ಅವನಿಗೆ ತೆರಿಗೆ, ಸಾಲ ಅಥವಾ ಕುಟುಂಬದ ತಕರಾರು ಬಂದರೆ ನಿಮ್ಮ ಹಣವೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹೂಡಿಕೆಗಾಗಿ ಕಳಿಸುವುದರಲ್ಲಿ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇಕಡಾ 20ರಷ್ಟು ತೆರಿಗೆ ಹಿಡಿಯುತ್ತದೆ, ಅದನ್ನು ರಿಟರ್ನ್‌ನಲ್ಲಿ ಹಿಂಪಡೆಯಬಹುದು. ಅಲ್ಲಿನ ತೈಲ ಕಂಪನಿಗಳಲ್ಲಿ ಕೆಲವು ಮಾಮೂಲಿ ಕಂಪನಿಗಳಲ್ಲ, ಪಾಲುದಾರಿಕೆಯ ರೂಪದವು ಎಂಬುದನ್ನೂ ಗಮನಿಸಿ. ಎಕ್ಸ್‌ಟಿಒ ಕಟ್ಟಿದವರೇ 2023ರ ಜನವರಿಯಲ್ಲಿ ಷೇರುಪೇಟೆಗೆ ತಂದ ಟಿಎಕ್ಸ್‌ಒ ಅಂಥದ್ದು. ಮಾಮೂಲಿ ಕಂಪನಿಯ ಲಾಭಾಂಶದಲ್ಲಿ ಭಾರತೀಯರಿಂದ ಶೇಕಡಾ 25 ಹಿಡಿದರೆ, ಇಂಥವುಗಳ ಹಂಚಿಕೆಯಲ್ಲಿ ವಿದೇಶೀಯರಿಂದ ಸಾಮಾನ್ಯವಾಗಿ ಶೇಕಡಾ 37 ಹಿಡಿಯುತ್ತಾರೆ, ಮಾರುವಾಗ ಬಂದ ಪೂರ್ತಿ ಹಣದ ಮೇಲೆ ಇನ್ನೂ ಶೇಕಡಾ 10. ಅಲ್ಲೇ ನೆಲೆಸಿರುವ ನಿಮ್ಮ ಅಕ್ಕನ ಮಗನಿಗೆ ಲಾಭವಾಗಿ ಕಾಣುವುದು ನಿಮಗೆ ಹಾಗೆ ಇರಲಾರದು.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು. ಸಂಸ್ಕರಿಸದೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಅಥವಾ ಚೆರ್ರಿಯನ್ನೇ (ಇಡಿಯಾಗಿ ಒಣಗಿಸಿದ ಹಣ್ಣು) ಮಾರುವವರ ವರಮಾನ ಕೃಷಿ ಆದಾಯವಾದ್ದರಿಂದ ನಿಮ್ಮಲ್ಲಿ ಎಷ್ಟೋ ಮಂದಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದೇ ಇಲ್ಲ. ವಿದೇಶದಲ್ಲಿ ಒಂದೇ ಒಂದು ಷೇರು ಇದ್ದರೂ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ, ರಿಟರ್ನ್ ಸಲ್ಲಿಸಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸುವುದು ಕಡ್ಡಾಯ. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದ ನಿಯಮವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ರೂಪಾಯಿವರೆಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಇದೆಯಾದರೂ ರಿಟರ್ನ್ ಸಲ್ಲಿಸುವ ಹೊಣೆ ತಪ್ಪುವುದಿಲ್ಲ. ಹಣ ಕಳಿಸುವ ಮೊದಲು ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ನಿಮ್ಮ ಲೆಕ್ಕಪರಿಶೋಧಕರಿಗೆ ಕಂಪನಿಯ ಹೆಸರು ಮತ್ತು ಅದು ಯಾವ ರೂಪದ್ದು ಎಂಬುದನ್ನು ಬರೆದು ಕೊಟ್ಟು ಕೇಳಿ.